ಕಾವೇರಿಯಾಚೆಗೆ ಒಂದು ಕ್ಯಾನು ಮೊಸರು

ನೀರು ದಾಟಿದ ಮನುಷ್ಯನ ಬುದ್ಧಿ ವಿಶಾಲವಾಗುತ್ತದೆಂದು ದೇಶ ಸುತ್ತಿದ ದೊಡ್ಡವರೆಲ್ಲ ಬರೆದಿದ್ದಾರೆ. ನಾನು ದಾಟಿದ್ದು ಕಾವೇರಿಯ ಉತ್ತರದ ಕವಲನ್ನು. ಬೇಸಿಗೆಯಾದ್ದರಿಂದ ಅದರಲ್ಲಿ ನಿಂತಿದ್ದ ಎಮ್ಮೆಗಳ ಹೊಟ್ಟೆ ಕೂಡ ನೆನೆದಿರಲಿಲ್ಲ. ಬುದ್ಧಿಯೂ ಅದೇ ಪ್ರಮಾಣದಲ್ಲಿ ವಿಶಾಲವಾಯಿತು.

ಇದನ್ನು ವಿದೇಶ ಪ್ರವಾಸವೆಂದು ಕರೆಯಲು ನನಗೇನೂ ಸಂಕೋಚವಿಲ್ಲ. ಶ್ರೀರಂಗಪಟ್ಟಣ ದ್ವೀಪ. ದ್ವೀಪದವರಿಗೆ ಸೇತುವೆಯ ಆಚೆಯದೆಲ್ಲ ಪರದೇಶವೇ. ಪಾಲಹಳ್ಳಿಯೊಂದನ್ನು ಮಾತ್ರ ನಾವು ಹಾಗೆ ಗಣಿಸುವುದಿಲ್ಲ, ಏಕೆಂದರೆ ನಮ್ಮ ಹಾಲು ಅಲ್ಲಿಂದ ಬರುತ್ತದೆ. ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡ ಸೀನನೆಂಬ ನನ್ನಂಥವನಿಗೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳು ಬೋರ್ಡು ಬರೆದ ಬಸ್ಸುಗಳಾಗಿ ಮಾತ್ರ ಗೊತ್ತಿದ್ದವು. ಅವು ನಿಜವಾಗಿಯೂ ಇವೆಯೇ ಎಂದು ಹೋಗಿ ನೋಡುವ ಪ್ರಸಂಗ ತೊಂಬತ್ತರ ದಶಕದ ಆ ಬೇಸಿಗೆಯವರೆಗೆ ಬಂದಿರಲಿಲ್ಲ.

ಸ್ವದೇಶ

ಪ್ರವಾಸಕ್ಕೆ ಕಾರಣ ಒಂದು ಪಿಕಪ್ಪು. ನನ್ನ ಬಾಲ್ಯದ ಗೆಳೆಯ, ಪಾಲಹಳ್ಳಿಯ ನಿಂಗೇಗೌಡನ ತಂದೆ ಅದನ್ನು ಯಾವುದೋ ಎಸ್ಟೇಟಿನವರಿಂದ ಕೊಂಡಿದ್ದರು. ಆ ಗಾಡಿ ಹುಟ್ಟಿದ್ದು ಅಮೆರಿಕದಲ್ಲಿ. ನಮ್ಮ ಪೈಕಿ ನಿಜವಾಗಿಯೂ ಸಮುದ್ರ ದಾಟಿದ್ದು ಅದೊಂದೇ. ಉಬ್ಬಿದ ಮೂತಿ, ದುಂಡನೆಯ ದೀಪಗಳು, ಹಿಂದೆ ಹಲಗೆಯ ತೊಟ್ಟಿ. ದಿನಾ ಬೆಳಗ್ಗೆ ಸುತ್ತಲಿನ ಹಳ್ಳಿಗಳ ಡೈರಿಗಳಿಂದ ಹಾಲಿನ ಕ್ಯಾನು ಎತ್ತಿಕೊಂಡು ಹಾಲು ತಣಿಸುವ ಕೇಂದ್ರಕ್ಕೆ ಸಾಗಿಸುವುದು ಅದರ ಕೆಲಸ.

ಮುಪ್ಪಿನಿಂದ ಅದು ನಿಧಾನವಾಗಿತ್ತು. ಆ ಬೇಸಿಗೆಯಲ್ಲಿ ಎರಡು ಸಲ ಹಾಲು ದಾರಿಯಲ್ಲೇ ಒಡೆದು, ಕೇಂದ್ರದವರು ಕ್ಯಾನುಗಳನ್ನು ವಾಪಸು ಕಳಿಸಿದರು. ನಿಂಗೇಗೌಡನ ಹೆಂಡತಿ ಜಯಮ್ಮ ಮಾತು ಕಡಿಮೆಯ ಹೆಂಗಸು. ಅವಳ ತಮ್ಮ ಕುಮಾರ ಆಗತಾನೇ ಹೊಸ ಟೆಂಪೊ ತಂದಿದ್ದ.

"ನಿಮ್ಮ ಗಾಡಿ ಬೇಗ ಓಗಂಗಿದ್ರೆ ಸರಿ. ಇಲ್ದಿದ್ರೆ ಕುಮಾರ ಆಲು ಸಾಗುಸ್ತಾನೆ, ಗಾಡಿ ಗುಜರಿಗೆ ಓಗ್ಲಿ," ಎಂದಳು.

ನಿಂಗೇಗೌಡ ಗುಜರಿಗೆ ಹೋದ. ಗಾಡಿ ಹಾಕಲಿಕ್ಕಲ್ಲ, ಎಂಜಿನ್ನು ತರಲಿಕ್ಕೆ. ಪಲ್ಟಿ ಹೊಡೆದ ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ನನ್ನು ಗಂಜಾಮಿನ ಮೆಕ್ಯಾನಿಕ್ ಬಶೀರ್ ಸಾಬರು ಆ ಅಮೆರಿಕದ ಹೊಟ್ಟೆಗೆ ತುರುಕಿದರು. ರೆಕ್ಸಿನ್ ಸೀಟನ್ನು ಹೊಲಿದವನು ನಾನು. ಈ ಕೆಲಸ ಮುಗಿಯುವ ತನಕ ಹಾಲು ಕುಮಾರನ ಟೆಂಪೊದಲ್ಲಿ ಹೋಗುತ್ತಿತ್ತು. ಸೋಮವಾರ ಬೆಳಗ್ಗೆ ಪಿಕಪ್ಪು ಹಾಲಿಗೆ ನಿಲ್ಲಬೇಕು, ನಿಲ್ಲದಿದ್ದರೆ ಟೆಂಪೊವೇ ಕಾಯಂ ಎಂದು ತೀರ್ಮಾನವಾಯಿತು. ಅಂದು ಶುಕ್ರವಾರ.

"ಎಂಜಿನ್ ಕೂರಿಸೋದು ನಂದು," ಎಂದರು ಬಶೀರ್ ಸಾಬರು. "ಶಾಫ್ಟು ಅದುರ್ತದೆ, ಅದು ಪಾಂಡವಪುರದ ಲೇತ್‌ನೋರ ಕೆಲ್ಸ. ಸ್ಪ್ರಿಂಗು ಕೆ.ಆರ್. ಪೇಟೆ ಪುಟ್ಟಾಚಾರಿ ಕೆಲ್ಸ. ಒಂದು ಸುತ್ತು ಓಡ್ಸಿ ನೋಡ್ಕಂಡು ಬನ್ನಿ ಭಾಯ್."

"ನೀವೂ ಬನ್ನಿ," ಎಂದೆ.

"ನಾನು ಮಾಡಿದ ಗಾಡಿನಾಗೆ ನಾನು ಕೂರಲ್ಲ," ಎಂದು ಅವರು ಕೈ ಒರೆಸಿಕೊಂಡರು.

ಇದನ್ನು ವಿನಯವೆಂದು ತಿಳಿಯಬೇಕೋ ಎಚ್ಚರಿಕೆಯೆಂದೋ ನನಗೆ ಅರ್ಥವಾಗಲಿಲ್ಲ. ಈ ಪ್ರವಾಸದಲ್ಲಿ ನನಗೆ ಅರ್ಥವಾಗದ ಮೊದಲನೆಯ ಸಂಗತಿ ಅದು.

ಶನಿವಾರ ಬೆಳಗ್ಗೆ ಪಾಲಹಳ್ಳಿಯಲ್ಲಿ ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ನಿಂಗೇಗೌಡನ ತಾಯಿ ತಾಯಮ್ಮನವರು ಕೋಲೂರಿಕೊಂಡು ಬಂದು ಗಾಡಿಯ ತೊಟ್ಟಿಯನ್ನು ಇಣುಕಿ ನೋಡಿದರು. ಕಸ್ಟಮ್ಸ್ ಅಧಿಕಾರಿಗಳು ಕೂಡ ಅಷ್ಟು ಅನುಮಾನದಿಂದ ನೋಡುವುದಿಲ್ಲ.

"ಮೊದಲ್ನೇ ಪಯಣ, ಬರಿಗಾಡಿ ಓಡುಸ್ತೀಯೇನ್ಲಾ? ಏನಾರ ಒರಿಸ್ಕಂಡು ಓಗು."

ಮಾರನೆಯ ದಿನ ನಾಗಮಂಗಲದಲ್ಲಿ ಅವರ ಮಗಳು ಸಾಕಮ್ಮನ ಮನೆಗೆ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಊಟಕ್ಕೆ ಎಂದು ಮುಕ್ಕಾಲು ಕ್ಯಾನು ಗಟ್ಟಿ ಮೊಸರು ಗಾಡಿ ಏರಿತು. ಹೀಗೆ ಎರಡು ಊರಿನ ಪ್ರವಾಸ ಮೂರು ಊರಿನದಾಯಿತು.

ಪಾಂಡವಪುರ

ಪಾಂಡವಪುರಕ್ಕೆ ನಾವು ಕಾಲಿಡುವ ಮೊದಲೇ ಅದು ನಮ್ಮ ಮೂಗಿಗೆ ಬಂದಿತು. ಸಕ್ಕರೆ ಕಾರ್ಖಾನೆಯ ಊರಿಗೆ ಕಾಕಂಬಿಯ ವಾಸನೆಯೇ ಹೆಬ್ಬಾಗಿಲು. ಅಲ್ಲಿನವರನ್ನು ಕೇಳಿದರೆ "ಯಾವ ವಾಸ್ನೆ?" ಎನ್ನುತ್ತಾರೆ.

ಗಾಡಿಯ ವೇಗವನ್ನು ಪರೀಕ್ಷಿಸಲು ನಾವು ಆರಿಸಿಕೊಂಡ ರಸ್ತೆಯಲ್ಲಿ ಕಬ್ಬಿನ ಎತ್ತಿನಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಗಾಡಿಯವರೆಲ್ಲ ಮಲಗಿದ್ದರು. ಎತ್ತುಗಳಿಗೆ ದಾರಿ ಗೊತ್ತಿತ್ತು. ಎತ್ತಿನ ಬಾಲ ನೋಡುತ್ತ ನಮ್ಮ ಶರವೇಗದ ವಾಹನ ಊರು ಸೇರಿತು.

ಲೇತ್ ಅಂಗಡಿಯವನು ಗಾಡಿಯಡಿ ತೂರಿ, ಅಲ್ಲಿಂದಲೇ ಕೇಳಿದ: "ಓಡಕ್ಕೋ, ಒರಕ್ಕೋ?"

ಓಡಲಿಕ್ಕೋ, ಹೊರಲಿಕ್ಕೋ ಎಂಬುದು ಪ್ರಶ್ನೆ. ನಿಂಗೇಗೌಡ "ಎರಡಕ್ಕೂ" ಎಂದ.

ಆತ ಈಚೆಗೆ ಬಂದು ನಮ್ಮಿಬ್ಬರನ್ನೂ ನೋಡಿದ. "ಒಂದೇ ಗಾಡಿನಾ?"

"ಒಂದೇ ಕಣಪ್ಪ. ದಿನಾ ಆಲು ಒರ್ಬೇಕು, ಬಿರ್‍ರನೆ ಓಗ್ಬೇಕು."

"ಅಂಗಾದ್ರೆ ಎಂಡ್ರನ್ನ ಕೇಳ್ಕಂಡು ಬರ್ಬೇಕಾಗಿತ್ತು," ಎಂದು ಆತ ಮತ್ತೆ ಒಳಗೆ ತೂರಿದ. ಇದು ಅಲ್ಲಿಯ ಹಾಸ್ಯವಿರಬೇಕು. ನಿಂಗೇಗೌಡ ನಗಲಿಲ್ಲ. ಏಕೆಂದರೆ ಅವನು ಕೇಳಿಕೊಂಡೇ ಬಂದಿದ್ದ.

ಶಾಫ್ಟು ನೇರವಾಯಿತು. ಊರು ದಾಟಿದ ಮೇಲೆ ಕಬ್ಬಿನ ಗಾಡಿಗಳು ಕಾರ್ಖಾನೆಯತ್ತ ತಿರುಗಿಕೊಂಡವು. ರಸ್ತೆ ಖಾಲಿಯಾಯಿತು. ನಿಂಗೇಗೌಡ ಕಾಲೂರಿದ. ಆ ಮುದಿ ಗಾಡಿ ಒಮ್ಮೆ ಗಂಟಲು ಸರಿಮಾಡಿಕೊಂಡು, ನಾನು ಪ್ಯಾಂಟಿನ ಅಳತೆಯಲ್ಲಿ ಕೂಡ ಎಂದೂ ಕಂಡಿರದ ಅಂಕಿಯನ್ನು ಮುಳ್ಳಿನಲ್ಲಿ ತೋರಿಸಿತು. ನಾನು ಹೊಲಿದ ಸೀಟಿನ ಅಂಚನ್ನು ಹಿಡಿದುಕೊಂಡೆ. ನನ್ನ ಹೊಲಿಗೆಯ ಮೇಲೆ ನನಗೆ ಅಂಥ ಭಕ್ತಿ ಎಂದೂ ಉಂಟಾಗಿರಲಿಲ್ಲ.

ಮುಂದೆ ಕೆ.ಆರ್. ಪೇಟೆ ಮೇಲೆ ನಾಗಮಂಗಲಕ್ಕೆ ಹೋಗುವ ಪ್ರೈವೇಟ್ ಬಸ್ಸಿತ್ತು. ನಾವು ಅದನ್ನು ಹಿಂದೆ ಹಾಕಿದೆವು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ಸಾಕಮ್ಮನ ಬೀದಿಯವನು. ಗಾಡಿಯನ್ನು ಗುರುತು ಹಿಡಿದು, "ನಿಂಗಣ್ಣೋ, ಏನಾಯ್ತಣ್ಣೋ?" ಎಂದು ಕೂಗಿದ. ಎಂಜಿನ್ನಿನ ಅಬ್ಬರದಲ್ಲಿ ಉತ್ತರ ಹೇಳಿದರೆ ಕೇಳಿಸುವಂತಿರಲಿಲ್ಲ. ನಿಂಗೇಗೌಡ ಕಿಟಕಿಯಿಂದ ಕೈ ಚಾಚಿ, ಗಾಡಿ ಹೆಂಗೆ ಹಾರ್ತದೆ ನೋಡು ಎಂಬಂತೆ ಬೆರಳನ್ನು ಆಕಾಶಕ್ಕೆ ತೋರಿಸಿದ. ಕಂಡಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡದ್ದು ನನಗೆ ಕನ್ನಡಿಯಲ್ಲಿ ಕಂಡಿತು. ನಮ್ಮ ವೇಗಕ್ಕೆ ಬೆರಗಾಗಿದ್ದಾನೆಂದು ಇಬ್ಬರೂ ಸಂತೋಷಪಟ್ಟೆವು.

ಕೆ.ಆರ್. ಪೇಟೆ

ಇಲ್ಲಿಯ ಜನ ಕಾವೇರಿಯ ಮಾತೆತ್ತಿದರೆ ಹೇಮಾವತಿಯ ಮಾತೆತ್ತುತ್ತಾರೆ. "ಒಳೆ ದಡದ ಏಮಗಿರಿಗೆ ಓಗಿದ್ದೀರಾ? ಓಗಿಲ್ವಾ? ಮತ್ತಿನ್ನೇನು ನೋಡಿದ್ರಿ?" ಎಂದು ಹೋಟೆಲಿನವನು ನನ್ನ ಇಡೀ ಬದುಕನ್ನು ಒಂದೇ ಮಾತಿನಲ್ಲಿ ವಜಾ ಮಾಡಿದ. ನಾವು ಕುಳಿತೊಡನೆ, ಕೇಳುವ ಮೊದಲೇ ಮುದ್ದೆ ಬಂತು. ನಮ್ಮಲ್ಲೂ ಮುದ್ದೆಯಿದೆ, ಆದರೆ ಅಲ್ಲಿ ಅದನ್ನು ಒಬ್ಬ ಮನುಷ್ಯನಿಗೆಂದು ಕಟ್ಟುತ್ತಾರೆ. ನನ್ನ ಟೈಲರ್ ಕಣ್ಣಿಗೆ ಅದರ ಸುತ್ತಳತೆ ಮದುವೆಗಂಡಿನ ಪೇಟದಷ್ಟು ಕಂಡಿತು. ಅರ್ಧ ಬಿಟ್ಟೆ. ಹೋಟೆಲಿನವನು ತಟ್ಟೆಯ ಮುಂದೆ ನಿಂತು, "ಸಾರು ಚೆನ್ನಾಗಿಲ್ವಾ, ಸಾಮಿ?" ಎಂದು ಕೇಳಿದ ಪರಿಗೆ ಉಳಿದರ್ಧವನ್ನೂ ನುಂಗಿದೆ.

ಪುಟ್ಟಾಚಾರಿ ಎತ್ತರದ ಆಳು, ದೊಡ್ಡ ಮೀಸೆ. ಅವರೂ ಅದನ್ನೇ ಕೇಳಿದರು. "ಓಡಕ್ಕೋ, ಒರಕ್ಕೋ?"

"ಎರಡಕ್ಕೂ," ಎಂದೆ. ಈ ಹೊತ್ತಿಗೆ ನನಗೂ ರೂಢಿಯಾಗಿತ್ತು.

"ಎಷ್ಟು ಕ್ಯಾನು ಆಕ್ತೀರಾ?"

"ತೊಟ್ಟಿ ತುಂಬ," ಎಂದ ನಿಂಗೇಗೌಡ.

"ಅಂಗಾರೆ ಒರಕ್ಕೆ ಅನ್ನು. ಓಡದು ಎಂಜಿನ್ನು ನೋಡ್ಕತದೆ," ಎಂದು ಪುಟ್ಟಾಚಾರಿ ಹಿಂದಿನ ಸ್ಪ್ರಿಂಗಿಗೆ ಲಾರಿಯ ಎರಡೆರಡು ಪಟ್ಟಿ ಸೇರಿಸಲು ಹೊರಟರು. ಕೆಲಸ ನಿಧಾನವಾಗಿ, ಗಂಭೀರವಾಗಿ ನಡೆಯಿತು. ನಡುವೆ ಅವರು ಮನೆಗೆ ಹೋಗಿ ಊಟ ಮಾಡಿ ಒಂದು ನಿದ್ದೆ ತೆಗೆದು ಬಂದರು. ಅಷ್ಟರಲ್ಲಿ ನಾವು ಹಿಂದೆ ಹಾಕಿದ್ದ ಬಸ್ಸು ಸ್ಟ್ಯಾಂಡಿಗೆ ಬಂದು, ಪ್ರಯಾಣಿಕರಿಗೆ ಟೀ ಕುಡಿಸಿಕೊಂಡು, ನಾಗಮಂಗಲಕ್ಕೆ ಹೋಗಿಯೂ ಆಗಿತ್ತು. ವೇಗ ಎಂದರೇನೆಂದು ನನಗೆ ಅಲ್ಲಿಂದಲೇ ಗೊಂದಲ ಶುರುವಾಯಿತು.

ಮತ್ತೆ ಹೊರಟಾಗ ಗಾಡಿಯ ಸ್ವಭಾವ ಬದಲಾಗಿತ್ತು. ಲಾರಿಯ ಭಾರಕ್ಕೆ ಕಟ್ಟಿದ ಸ್ಪ್ರಿಂಗಿನ ಮೇಲೆ ಒಂದು ಕ್ಯಾನು ಮೊಸರು ಬಿಟ್ಟು ಬೇರೇನೂ ಇರಲಿಲ್ಲ. ಸಣ್ಣ ಕಲ್ಲು ಸಿಕ್ಕರೂ ಹಿಂಭಾಗ ಮೊಲದಂತೆ ಜಿಗಿಯುತ್ತಿತ್ತು. ಸೀಟಿನ ಮೇಲೆ ಕೂತದ್ದಕ್ಕಿಂತ ಸೀಟಿನಿಂದ ಒಂದು ಗೇಣು ಮೇಲೆ ಇದ್ದ ಹೊತ್ತೇ ಹೆಚ್ಚು.

"ವಸಿ ನಿಧಾನ ಓಗ್ಲಾ ನಿಂಗ!"

"ನಿಧಾನ ಓದ್ರೆ ಜಾಸ್ತಿ ಎಗರ್ತದೆ ಕಣ್ಲಾ! ಜೋರಾಗಿ ಓದ್ರೆ ಗುಂಡಿ ಮೇಲೇ ಆರ್ಕಂಡು ಓಗ್ಬೌದು!"

ಈ ಸಿದ್ಧಾಂತದ ಪರೀಕ್ಷೆ ನಾಗಮಂಗಲದವರೆಗೂ ನಡೆಯಿತು. ಹಿಂದೆ ಕ್ಯಾನು ಗುಡುಕ್ ಗುಡುಕ್ ಎನ್ನುತ್ತಲೇ ಇತ್ತು.

ನಾಗಮಂಗಲ

ಸಾಕಮ್ಮನ ಮನೆಯ ಮುಂದೆ ಜನ ಸೇರಿದ್ದರು. ಗಂಡಸರು ಹೆಗಲ ಮೇಲೆ ಟವಲು ಹಾಕಿಕೊಂಡು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರು. ಒಳಗಿನಿಂದ ಹೆಂಗಸರ ಅಳು. ನಿಂಗೇಗೌಡನ ಮುಖ ಬಿಳಿಚಿತು.

"ಅಯ್ಯೋ ಸೀನ, ನಮ್ಮ ಬಾವ ಓಗ್ಬುಟ್ರು ಕಣ್ಲಾ!" ಎಂದು ಗಾಡಿಯಿಂದ ಧುಮುಕಿ ಓಡಿದ.

ಒಳಗಿನಿಂದ ಸಾಕಮ್ಮ ತಲೆಕೆದರಿಕೊಂಡು ಓಡಿ ಬಂದಳು. "ಅಣ್ಣೋ! ಎಂಗೆ ಬುಟ್ಬುಟ್ಟೆ ಅಣ್ಣೋ!"

"ನಂಗೆ ಗೊತ್ತೇ ಆಗ್ನಿಲ್ಲ ಕಣವ್ವೋ!"

ಅಣ್ಣ ತಂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಗೋಳೋ ಎಂದರು. ನೆರೆದವರೂ ಸೇರಿಕೊಂಡರು. ಯಾರಿಗಾಗಿ ಎಂದು ತಿಳಿಯದೆ ನಾನು ಕೂಡ ಕಣ್ಣೊರೆಸಿಕೊಂಡೆ. ಪರದೇಶದಲ್ಲಿ ಅಲ್ಲಿಯ ನಡವಳಿಕೆಯನ್ನೇ ಅನುಸರಿಸಬೇಕು. ಅಷ್ಟರಲ್ಲಿ, ತೀರಿಹೋದ ಬಾವ ಒಳಗಿನಿಂದ ಚೊಂಬಿನಲ್ಲಿ ನೀರು ಹಿಡಿದುಕೊಂಡು ಬಂದು, "ಮೊದ್ಲು ಕಾಲು ತೊಳ್ಕ ಬಾಪ್ಪ ನಿಂಗ," ಎಂದರು.

ನಿಂಗೇಗೌಡ ಅಳು ನಿಲ್ಲಿಸಿ ಅವರನ್ನು ನೋಡಿದ. "ನೀವು ಬದುಕಿದ್ದೀರಾ?"

"ನಂಗೇನಾಗದೆ? ಓಗಿದ್ದು ಅತ್ತೆಮ್ಮ ಅಲ್ವಾ?"

"ಅವ್ವನಾ? ಅವ್ವ ಬೆಳಗ್ಗೆ ಮೊಸರು ಅಳೆದು ಕೊಟ್ಳಲ್ಲ!"

ಸಾಕಮ್ಮ ತಬ್ಬಿಕೊಂಡಿದ್ದ ಕೈಯನ್ನು ಬಿಡಿಸಿಕೊಂಡು, ಅದೇ ಕೈಯಲ್ಲಿ ಅಣ್ಣನ ಬೆನ್ನಿಗೆ ಗುದ್ದಿದಳು. ವಿಷಯ ನಿಧಾನವಾಗಿ ಹೊರಬಿತ್ತು. ನಮ್ಮ ಸೀಮೆಯಲ್ಲಿ ಒಂದು ಗಾಡಿ ಅಷ್ಟು ಜೋರಾಗಿ ಹೋಗುವುದು ಯಾರಾದರೂ ಸತ್ತಾಗ ಮಾತ್ರ. ಅದರ ಮೇಲೆ ಡ್ರೈವರು ಆಕಾಶ ತೋರಿಸಿದರೆ ಕಂಡಕ್ಟರಾದರೂ ಏನೆಂದುಕೊಳ್ಳಬೇಕು? ಬಸ್ಸು ಊರು ಮುಟ್ಟುತ್ತಲೇ ಅವನು ಸಾಕಮ್ಮನ ಮನೆಗೆ ಓಡಿಬಂದು ತಾಯಮ್ಮನವರ ಸಾವನ್ನು ಸಾರಿದ್ದ. ಬಾವನ ತಮ್ಮಂದಿರು, ಅವರ ಹೆಂಡಿರು, ಇನ್ನೂ ಹತ್ತಿರದ ಕೆಲವರು ಪಾಲಹಳ್ಳಿಗೆ ಹೊರಡಲು ತಯಾರಾಗಿ ಕುಳಿತಿದ್ದರು.

"ಸಾಯ್ದೇ ಇರೋಳ್ನ ಸಾಯಿಸ್ಬುಟ್ಟಲ್ಲೋ, ನಿನ್ ಗಾಡಿಗೆ ಬೆಂಕಿ ಬೀಳಾ! ಆ ಮೊಸರಾದ್ರೂ ಇಳ್ಸು," ಎಂದಳು ಸಾಕಮ್ಮ.

ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತು ಒಳಗೆ ನೋಡಿದಳು. ಆಮೇಲೆ ಕೈ ಇಳಿಬಿಟ್ಟು, ತೆಂಗಿನಕಾಯಿ ಗಾತ್ರದ ಬೆಣ್ಣೆಯ ಉಂಡೆಯೊಂದನ್ನು ಎತ್ತಿದಳು. ಕೆಳಗೆ ಉಳಿದಿದ್ದು ಮಜ್ಜಿಗೆ.

"ಮೊಸರು ತತ್ತಾ ಅಂದ್ರೆ ಕಡ್ಕಂಡು ಬಂದಿದ್ದೀಯಲ್ಲೋ!"

ಎಲ್ಲರೂ ನಕ್ಕರು. ಸಾವಿಗೆಂದು ಬಂದವರೇ ಹೆಚ್ಚು ನಕ್ಕರು. ನಿಂಗೇಗೌಡ ಮಾತ್ರ ಆ ಉಂಡೆಯನ್ನು ನೋಡುತ್ತ ಜಗಲಿಯ ಅಂಚಿನಲ್ಲಿ ಕುಸಿದು ಕುಳಿತ. ನಾನು ಹೋಗಿ ಅವನ ಪಕ್ಕ ಕುಳಿತೆ.

"ಸೀನ, ಸೋಮವಾರ ಆಲಿಗೂ ಇದೇ ಗತಿ ಕಣ್ಲಾ."

"ಅವತ್ತು ಕ್ಯಾನು ತುಂಬಿರ್ತವಲ್ಲ, ಬಾರಕ್ಕೆ ಗಾಡಿ ಕೂತ್ಕತದೆ ಬುಡು."

"ಕಡೇ ಊರ್ಗೆ ತುಂಬ್ತದೆ. ಮೊದಲ್ನೇ ಊರ್ನಾಗೆ ನಾಕೇ ಕ್ಯಾನು. ಅವು ಕಡೆಗಂಟ ಕುಣ್ಕಂಡು ಬರ್ಬೇಕು. ಜಿಡ್ಡು ಮೇಲೆ ಬಂದಿರೋ ಆಲ್ನ ಕೇಂದ್ರದೋರು ತಕ್ಕತಾರಾ? ನಿಧಾನ ಓದ್ರೆ ಒಡೀತದೆ, ಜೋರಾಗಿ ಓದ್ರೆ ಬೆಣ್ಣೆ ಆಯ್ತದೆ. ಆಲು ಆಲಾಗೇ ಓಗ್ಬೇಕಾದ್ರೆ ಎಷ್ಟು ಜೋರಾಗಿ ಓಗ್ಬೇಕ್ಲಾ?"

ಇದು ಸಣ್ಣ ಪ್ರಶ್ನೆಯಲ್ಲ. "ನಮ್ಮಪ್ಪನ ಗಾಡಿ ಕಣ್ಲಾ," ಎಂದ ನಿಂಗೇಗೌಡ. ಎದ್ದು ಸ್ಪ್ರಿಂಗಿನವರನ್ನು ಹುಡುಕಲು ಹೊರಟ. ನಾಗಮಂಗಲದಲ್ಲಿ ಸ್ಪ್ರಿಂಗಿನವರಿದ್ದರು, ಆದರೆ ಶನಿವಾರ ಸಂಜೆ ಬಾಗಿಲು ಹಾಕಿದವರು ಸೋಮವಾರವೇ ತೆಗೆಯುವುದು.

ಭಾನುವಾರ ಗಂಡಿನ ಕಡೆಯವರು ಬಂದರು. ಒಬ್ಬಟ್ಟಿನ ಮೇಲೆ ಹೊಸ ಬೆಣ್ಣೆ ಹಾಕಿಸಿಕೊಂಡು, "ಮನೆ ಬೆಣ್ಣೆನಾ?" ಎಂದು ಕೇಳಿದರು. "ಊ, ಅಣ್ಣನ ಮನೇದು," ಎಂದಳು ಸಾಕಮ್ಮ. ಅವರು ಒಪ್ಪಿದ ಹಾಗೆ ಕಂಡಿತು.

ವಾಪಸು

ಊಟವಾದ ಮೇಲೆ ಹೊರಟೆವು. ಬರಿಗಾಡಿಯ ನಿಯಮ ನಾಗಮಂಗಲದಲ್ಲೂ ಜಾರಿಯಲ್ಲಿತ್ತು. ಸಾಕಮ್ಮನ ಮನೆಗೆ ಆಗತಾನೇ ಕರೆಂಟಿನ ಗ್ರೈಂಡರು ಬಂದಿತ್ತು. ಅವಳ ಮದುವೆಯಲ್ಲಿ ತವರಿನಿಂದ ಬಂದಿದ್ದ ಒರಳುಕಲ್ಲು ಹಿತ್ತಲಲ್ಲಿ ಮಳೆನೀರು ಹಿಡಿಯುತ್ತಿತ್ತು. "ಅವ್ವ ಕೇಳ್ತಾನೇ ಇದ್ಲು, ತಕ್ಕಂಡೋಗು," ಎಂದಳು. ಗಂಡಸರೆಲ್ಲ ಸೇರಿ ಅದನ್ನು ಉರುಳಿಸಿ, ಹಲಗೆ ಇಟ್ಟು ತೊಟ್ಟಿಗೆ ಏರಿಸಿದರು. ಗಾಡಿ ಮೊದಲ ಬಾರಿಗೆ ನಿಟ್ಟುಸಿರಿಟ್ಟು ಕೆಳಗೆ ಕುಳಿತಿತು.

ಸಾವಿಗೆ ತಯಾರಾಗಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಂಗೂ ಒಂಟಿದ್ದಾಯ್ತು. ಅಜ್ಜಿನ ನೋಡ್ಕಂಡಾದ್ರೂ ಬರಾನ," ಎಂದು ಅವರೂ ಹತ್ತಿ ಒರಳಿನ ಸುತ್ತ ಕುಳಿತರು. ಕಡೆಗೆ ಸಾಕಮ್ಮ ಖಾಲಿ ಕ್ಯಾನಿಗೆ ತಾಯಿಗೆಂದು ಎಮ್ಮೆ ಹಾಲು ಹೊಯ್ದಳು. ಅರ್ಧ ಕ್ಯಾನಿನಷ್ಟಿತ್ತು.

ದಾರಿಯಲ್ಲಿ ನಿಂಗೇಗೌಡ ಮೊದಮೊದಲು ಮೆಲ್ಲಗೆ ಹೋದ, ಆಮೇಲೆ ಬೇಸರಕ್ಕೋ ಸಿಟ್ಟಿಗೋ ಕಾಲೂರಿದ. ನಾನು ಅಭ್ಯಾಸಬಲದಿಂದ ಸೀಟಿನ ಅಂಚು ಹಿಡಿದೆ. ಆದರೆ ಹಾರಲಿಲ್ಲ. ಗಾಡಿ ತೊಟ್ಟಿಲಿನಂತೆ ತೂಗುತ್ತ, ಮುಳ್ಳನ್ನು ಹಿಂದಿನ ದಿನದ ಅಂಕಿಯ ಹತ್ತಿರಕ್ಕೇ ಒಯ್ದು ನಿಂತಿತು. ಹಿಂದೆ ಹೆಂಗಸರು ಸೋಬಾನೆ ಹೇಳುತ್ತಿದ್ದರು. ಸಾವಿಗೆ ಹೊರಟ ಗಾಡಿಯಲ್ಲಿ ಸೋಬಾನೆ ಹೇಳಬಹುದೇ ಎಂದು ಒಬ್ಬಳಿಗೆ ಅನುಮಾನ ಬಂತು. ಸತ್ತಿಲ್ಲವಲ್ಲ, ಹೇಳಬಹುದು ಎಂದು ತೀರ್ಮಾನವಾಯಿತು.

ಜಕ್ಕನಹಳ್ಳಿಯಲ್ಲಿ ನಿಂಗೇಗೌಡ ಥಟ್ಟನೆ ನಿಲ್ಲಿಸಿ, ಹಿಂದೆ ಹತ್ತಿ, ಕ್ಯಾನಿನ ಮುಚ್ಚಳ ತೆಗೆದ. ಬೆರಳು ಅದ್ದಿದ. ನನ್ನನ್ನೂ ಅದ್ದಲು ಹೇಳಿದ.

"ಏನು?"

"ಹಾಲು," ಎಂದೆ.

"ಬರೀ ಆಲಾ?"

"ಬರೀ ಹಾಲು."

ಯಾಕೆ ಎಂಬ ವಿಚಾರದಲ್ಲಿ ಪಾಂಡವಪುರದವರೆಗೂ ಚರ್ಚೆ ನಡೆಯಿತು. ಒರಳಿನ ಭಾರಕ್ಕೆ ಸ್ಪ್ರಿಂಗು ಹದಕ್ಕೆ ಬಂದಿದೆ ಎಂದು ನಿಂಗೇಗೌಡ. ನೆಂಟರ ಭಾರಕ್ಕೆ ಎಂದು ಬಾವನ ತಮ್ಮ. ಪಟ್ಟಿಗಳು ತಾವಾಗಿಯೇ ಪಳಗಿವೆ ಎಂದು ಇನ್ನೊಬ್ಬರು. ಎಮ್ಮೆ ಹಾಲು ಸುಲಭಕ್ಕೆ ಕಡೆಯುವುದಿಲ್ಲ ಎಂದು ಹೆಂಗಸರು. ಇಷ್ಟು ಕಾರಣಗಳಲ್ಲಿ ಯಾವುದು ಸರಿಯೆಂದು ನನಗೆ ಇಂದಿಗೂ ತಿಳಿದಿಲ್ಲ.

ಸಂಜೆ ಪಾಲಹಳ್ಳಿ. ತಾಯಮ್ಮನವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ಗಾಡಿಯಿಂದ ಒಬ್ಬೊಬ್ಬರೇ ಇಳಿಯುವುದನ್ನು ನೋಡಿ ಬೆರಗಾದರು. ವಿಷಯ ತಿಳಿದ ಮೇಲೆ ಕೈಯಲ್ಲಿದ್ದ ಹುಣಸೆಯನ್ನು ಕೆಳಗಿಟ್ಟರು.

"ಅಂದ್ರೆ, ನಾನು ಸತ್ತೆ ಅಂತ ಬಂದೋರಾ ಇವ್ರೆಲ್ಲ?"

"ಊ ಕಣವ್ವ."

"ಇಷ್ಟೇ ಜನವಾ?"

ಮನೆಯ ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ನೆಂಟರನ್ನು ನೋಡಿದಳು, ಒರಳನ್ನು ನೋಡಿದಳು, ನಮ್ಮಿಬ್ಬರನ್ನು ನೋಡಿದಳು.

"ಸೀನಣ್ಣ, ಗಾಡಿ ರೆಡಿ ಮಾಡ್ಸಕೆ ಓಗಿದ್ರೋ, ದಿಬ್ಬಣಕ್ಕೆ ಓಗಿದ್ರೋ?"

"ಎರಡಕ್ಕೂ," ಎಂದೆ. ಬಾಯಿಗೆ ಬಂದದ್ದು ಅದೇ.

"ಆ ಕಲ್ಲು ಇಳ್ಸಿ. ನಾಳೆ ಆಲಿಗೆ ಜಾಗ ಬೇಕು."

"ಕಲ್ಲು ಇಳ್ಸಲ್ಲ," ಎಂದ ನಿಂಗೇಗೌಡ. ಹೆಂಡತಿಯ ಮಾತಿಗೆ ಅವನು ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಜಯಮ್ಮ ಒಳಗೆ ಹೋದಳು. ಕುಮಾರನಿಗೆ ಬೆಳಗ್ಗೆ ಟೆಂಪೊ ತಂದಿಟ್ಟುಕೊಂಡಿರಲು ಹೇಳಿ ಕಳಿಸಿದ್ದಾಳೆಂದು ಆಮೇಲೆ ತಿಳಿಯಿತು.

ಸೋಮವಾರ

ನಾನೂ ಹೋದೆ. ನಿಂಗೇಗೌಡನೊಬ್ಬನನ್ನೇ ಕಳಿಸಲು ಮನಸ್ಸು ಬರಲಿಲ್ಲ. ಕುಮಾರನ ಟೆಂಪೊ ಹಿಂದೆಯೇ ಖಾಲಿ ಬರುತ್ತಿತ್ತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಬಿದ್ದು ಕಾಣದಾಯಿತು. ನಾವು ಎಲ್ಲ ಹಳ್ಳಿಗಳ ಕ್ಯಾನುಗಳನ್ನೂ ಒರಳಿನ ಸುತ್ತ ಪೇರಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಜನ ಎದ್ದುನಿಂತು ಯಾರು ಹೋದರೆಂದು ಕೂಗಿ ಕೇಳಿದರು. ನಿಂಗೇಗೌಡ ಎರಡು ಕೈಯನ್ನೂ ಸ್ಟೇರಿಂಗಿನಿಂದ ತೆಗೆಯಲಿಲ್ಲ.

ಕೇಂದ್ರ ಮುಟ್ಟಿದೊಡನೆ ಮೊದಲ ಹಳ್ಳಿಯ ಕ್ಯಾನಿನ ಮುಚ್ಚಳ ತೆಗೆದು ನೋಡಿದೆವು. ಹಾಲು ಹಾಲಾಗಿಯೇ ಇತ್ತು. ನಾವು ಎಷ್ಟು ಬೇಗ ಬಂದಿದ್ದೆವೆಂದರೆ, ಕೇಂದ್ರದ ಗೇಟು ಇನ್ನೂ ತೆಗೆದಿರಲಿಲ್ಲ.